ರಾಗಕ್ಕೆ ಎಷ್ಟು ನಿಮಿಷ?

ಸ್ಟುಡಿಯೋದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ, ಮೃದಂಗದ ಶ್ರುತಿ ತನಗೆ ಮನಸ್ಸು ಬಂದಾಗ ಕೂಡುತ್ತದೆ. ಇವೆರಡರ ನಡುವೆ ಕುಳಿತು ಯಾರಿಗೂ ಕೋಪ ಬಾರದಂತೆ ನೋಡಿಕೊಳ್ಳುವುದು ನನ್ನ ವೃತ್ತಿ. ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳ ನಿರ್ಮಾಪಕ ಎಂದು ಪರಿಚಯ ಹೇಳಿಕೊಂಡರೆ ಮದುವೆಮನೆಗಳಲ್ಲಿ ಜನ ಒಂದು ಹೆಜ್ಜೆ ಹತ್ತಿರ ಬರುತ್ತಾರೆ, ಸಿನಿಮಾದವರಂತೆ ದುಡ್ಡು ಹಾಕುವವನು ಎಂದುಕೊಂಡು. ದುಡ್ಡು ಹಾಕುವವರು ಬೇರೆ ಎಂದು ತಿಳಿದ ಮೇಲೆ ಊಟದ ಪಂಕ್ತಿಯತ್ತ ನಡೆಯುತ್ತಾರೆ. ಯಾವ ಕಲಾವಿದರು, ಯಾವ ಕೃತಿ, ಯಾವ ರಾಗದ ಹಿಂದೆ ಯಾವ ರಾಗ, ಪಕ್ಕವಾದ್ಯಕ್ಕೆ ಯಾರು, ಮೈಕ್ ಎಲ್ಲಿ, ಯಾವ ಟೇಕ್ ಉಳಿಯಬೇಕು, ಹೊದಿಕೆಯ ಮೇಲೆ ತಾಳದ ಹೆಸರು ಸರಿಯಾಗಿ ಅಚ್ಚಾಗಿದೆಯೇ, ಇಷ್ಟು ನನ್ನ ಪಾಲು.

ನಾನು ಈ ಕಸುಬಿಗೆ ಬಂದದ್ದು 1980ರ ದಶಕದ ಕೊನೆಯಲ್ಲಿ, ಕ್ಯಾಸೆಟ್ಟುಗಳು ಬೇಳೆಕಾಳಿನಂತೆ ಮಾರಾಟವಾಗುತ್ತಿದ್ದಾಗ. ಕೈಯಲ್ಲಿ ಎಲೆಕ್ಟ್ರಾನಿಕ್ಸ್ ಬಿ.ಎಸ್‌ಸಿ. ಇತ್ತು, ಬಸವನಗುಡಿಯಲ್ಲಿ ಒಬ್ಬ ಮೇಷ್ಟ್ರ ಬಳಿ ಕೆಲವು ವರ್ಷ ಹಾಡುಗಾರಿಕೆ ಕಲಿತಿದ್ದೆ. "ನಿನಗೆ ಕಿವಿ ಇದೆಯಪ್ಪ, ಕಂಠದ ಮಾತು ಬೇಡ" ಎಂದು ಅವರು ಒಂದು ದಿನ ಕಾಫಿ ಕುಡಿಯುತ್ತಾ ಹೇಳಿಬಿಟ್ಟರು. ಆ ಮಾತಿಗೆ ನಾನು ನೊಂದುಕೊಳ್ಳಲಿಲ್ಲ, ಮುಂದೆ ಅನ್ನ ಕೊಟ್ಟದ್ದು ಆ ಕಿವಿಯೇ.

ಕ್ಯಾಸೆಟ್ ಕಂಪನಿಯಲ್ಲಿ ನನಗೆ ಮೊದಲು ಸಿಕ್ಕಿದ ಕೆಲಸ ನಕಲುಗಳನ್ನು ಕೇಳಿ ನೋಡುವುದು. ಮೂಲ ಟೇಪಿನಿಂದ ವೇಗವಾಗಿ ನಕಲು ತೆಗೆಯುವ ಯಂತ್ರದ ಹೆಡ್ ಸ್ವಲ್ಪ ಕೊಳೆಯಾದರೂ ಮೇಲಿನ ನಾದವೆಲ್ಲ ಮಂಕಾಗುತ್ತಿತ್ತು, ತಂಬೂರಿ ಕಂಬಳಿ ಹೊದ್ದಂತೆ ಕೇಳಿಸುತ್ತಿತ್ತು. ಪ್ರತಿ ಕಂತಿನಿಂದ ಕೆಲವನ್ನು ಎತ್ತಿಕೊಂಡು ಎರಡೂ ಬದಿಗಳ ಮೊದಲ ನಿಮಿಷ, ಕೊನೆಯ ನಿಮಿಷ ಕೇಳಬೇಕು. ಹೀಗಾಗಿ ಎಷ್ಟೋ ಕಛೇರಿಗಳ ವರ್ಣದ ಪಲ್ಲವಿಯೂ ಮಂಗಳವೂ ನನಗೆ ಬಾಯಿಪಾಠ, ನಡುವೆ ಏನಿತ್ತೆಂಬುದು ಗೊತ್ತಿಲ್ಲ.

ಬೆಂಗಳೂರಿನಲ್ಲಿ ಒಳ್ಳೆಯ ಸ್ಟುಡಿಯೋ ಎಂಬುದೇ ಆಗಿನ್ನೂ ಹೊಸ ವಿಷಯ. ಶಂಕರ್‌ನಾಗ್ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ದಶಕದಲ್ಲೇ. ಹಿಂದಿನ ತಲೆಮಾರಿನವರು ಮದ್ರಾಸಿಗೆ ರೈಲು ಹತ್ತುತ್ತಿದ್ದರು. ನಕಲು ಕೇಳುವ ಕೋಣೆಯಿಂದ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದ ಹಿರಿಯರು ಕೈಗೆ ಒಂದು ಸ್ಟಾಪ್‌ವಾಚು, ಒಂದು ಟೇಕ್ ಶೀಟು ಕೊಟ್ಟು, "ಹಾಡು ಕೇಳಬೇಡ, ಗಡಿಯಾರ ನೋಡು" ಎಂದರು. ನನ್ನ ಮೇಷ್ಟ್ರು ಕಲಿಸಿದ್ದಕ್ಕೆ ಇದು ತದ್ವಿರುದ್ಧ. ಆದರೆ ಅವರು ಸುಮ್ಮನೆ ಹೇಳಿದ್ದಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಮೂವತ್ತೊಂದನೆಯ ನಿಮಿಷದಲ್ಲಿ ಕಲ್ಪನಾಸ್ವರ ಎಷ್ಟೇ ಸೊಗಸಾಗಿದ್ದರೂ ಟೇಪು ಅಲ್ಲಿಲ್ಲ.

ನಮ್ಮ ಸಂಗೀತ ಯಂತ್ರದ ಮುಂದೆ ಕುಳಿತಂದಿನಿಂದಲೂ ಇದೇ ಕಥೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಆಕೆಯ ಮುಂದಿದ್ದದ್ದು ಮೈಕಲ್ಲ, ಒಂದು ಕೊಳವೆ. ಆ ಕಾಲದ ತಟ್ಟೆಗಳಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡುತ್ತಿದ್ದವರು ಅಷ್ಟರೊಳಗೆ ರಾಗದ ಮುಖ ತೋರಿಸಿ, ಬಂದಿಶ್ ಹಾಡಿ, ತಾನ್ ಹಾಕಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳಬೇಕಿತ್ತು; ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರದೆಂದು ತಿಳಿಯಲು. ಆ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ಆಸ್ಥಾನ ಕಲಾವಿದೆಯಾಗಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಆಮೇಲೆ ಎಲ್‌.ಪಿ. ಬಂತು, ಬದಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಆಮೇಲೆ ಕ್ಯಾಸೆಟ್ಟು. ಆಮೇಲೆ ಎಪ್ಪತ್ನಾಲ್ಕು ನಿಮಿಷದ ಸಿ.ಡಿ., ಅದು ಬಂದ ವರ್ಷಗಳಲ್ಲಿ ನನಗೆ ಜಮೀನು ಸಿಕ್ಕ ರೈತನ ಖುಷಿ. ಪ್ರತಿ ಸಲವೂ ವಿದ್ವಾಂಸರು ತಮ್ಮ ಸಂಗೀತವನ್ನು ಹೊಸ ಪೆಟ್ಟಿಗೆಯ ಅಳತೆಗೆ ಹೊಂದಿಸಿದರು. ಆ ಅಳತೆಪಟ್ಟಿ ಹಿಡಿದು ಎದುರು ನಿಲ್ಲುವ ನಿಷ್ಠುರದ ಕೆಲಸ ನಮ್ಮಂಥವರದು.

ಕೆಲಸ ಹೇಗೆ ನಡೆಯುತ್ತದೆ ಎಂದು ತೋರಿಸಲು ಒಂದು ಧ್ವನಿಮುದ್ರಣದ ವಿಷಯ ಹೇಳುತ್ತೇನೆ. 2005ರ ಸುಮಾರಿಗೆ ಮೈಸೂರಿನ ವಾಗ್ಗೇಯಕಾರರ ಕೃತಿಗಳನ್ನಷ್ಟೇ ಇಟ್ಟುಕೊಂಡು ಒಂದು ವೀಣೆಯ ಸಿ.ಡಿ. ಮಾಡಿದೆವು. ನುಡಿಸಿದವರು ಅರವತ್ತು ದಾಟಿದ ವಿದುಷಿ, ಮೈಸೂರು ಬಾನಿಯವರು, ಅಂದರೆ ಮೈಸೂರಿನ ಶೈಲಿಯವರು. ಜೊತೆಗೆ ಮೃದಂಗ, ಘಟ. ಸ್ಟುಡಿಯೋ ಮನೆಗಳ ನಡುವೆ ಇದ್ದುದರಿಂದ ರಾತ್ರಿ ಊಟದ ಹೊತ್ತು ಕಳೆದು, ಕುಕ್ಕರುಗಳೂ ಧಾರಾವಾಹಿಗಳೂ ನಿಂತ ಮೇಲೆ ಶುರು ಮಾಡುತ್ತಿದ್ದೆವು.

ವೀಣೆಗೆ ಮೈಕ್ ಇಡುವುದು ದೊಡ್ಡ ತಲೆನೋವು. ವೇದಿಕೆಯಲ್ಲಿ ಎಲ್ಲರೂ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುತ್ತಾರೆ. ಸದ್ದು ದೊಡ್ಡದಾಗುತ್ತದೆ, ಆದರೆ ಹಲಸಿನ ಮರದ ನಾದ ಹೋಗಿ ಗಿಟಾರು ಬರುತ್ತದೆ. ಎಂಜಿನಿಯರ್ ಹುಡುಗ ಅದನ್ನು ಹೊರತೆಗೆದ ಕೂಡಲೇ ಆಕೆ, "ಆ ಗುಂಡಿಯನ್ನು ಆಚೆ ಇಡಪ್ಪ, ನಿನಗೆ ವೀಣೆಯ ಕೊಡದ ದನಿ ಬೇಕೋ, ತಂತಿಯ ದನಿ ಮಾತ್ರ ಸಾಕೋ?" ಎಂದರು. ಕೊಡಕ್ಕೂ ತಂತಿಗಳನ್ನು ಹೊರುವ ಕುದುರೆಗೂ ಎದುರಾಗಿ ಮೊಳ ದೂರದಲ್ಲಿ ಒಂದು ಕಂಡೆನ್ಸರ್ ಮೈಕ್, ದಂಡಿಯ ಕಡೆಗೆ ಇನ್ನೊಂದು. ಎರಡನೆಯದು ಮೆಟ್ಟಿಲುಗಳ ಮೇಲೆ ಎಡಗೈ ತಂತಿ ಎಳೆಯುವಾಗಿನ ಗಮಕದ ಮೈಯನ್ನು ಚೆನ್ನಾಗಿ ಹಿಡಿಯಿತು. ಜೊತೆಗೆ ಗಾಜಿನ ಬಳೆಗಳನ್ನೂ. ಹಿರಿಯ ಮುತ್ತೈದೆಗೆ ಬಳೆ ತೆಗೆಯಿರಿ ಎನ್ನುವ ಗಂಡಸು ನಮ್ಮಲ್ಲಿ ಯಾರೂ ಇರಲಿಲ್ಲ. ಎಂಜಿನಿಯರ್ ನನ್ನ ಮುಖ ನೋಡಿದ, ನಾನು ಮೃದಂಗದವರ ಮುಖ ನೋಡಿದೆ, ಅವರು ಛಾವಣಿ ನೋಡಿದರು. ಆಕೆಯೇ ನಕ್ಕು ಬಳೆಗಳನ್ನು ಮೊಣಕೈಯತ್ತ ಸರಿಸಿ, ಮೇಲೊಂದು ಕರವಸ್ತ್ರ ಬಿಗಿದುಕೊಂಡರು. ಆ ಕರವಸ್ತ್ರಕ್ಕೂ ಹೊದಿಕೆಯ ಮೇಲೆ ಕೃತಜ್ಞತೆ ಹೇಳಬೇಕಿತ್ತು.

ಎ.ಸಿ. ಇನ್ನೊಂದು ಪೀಡೆ. ಹಾಕಿದರೆ ಅದರ ಗುಂಯ್ ಮೈಕಿಗೆ ಸೇರುತ್ತದೆ, ಒಣಗಾಳಿಗೆ ಮೃದಂಗದ ಚರ್ಮ ಬಿಗಿದು ಶ್ರುತಿ ಏರುತ್ತದೆ. ಆರಿಸಿದರೆ ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಬೆವರುತ್ತಾರೆ, ಶ್ರುತಿ ಇಳಿಯುತ್ತದೆ. ಎಡಬದಿಗೆ ಮೆತ್ತಿದ ರವೆ ಒಣಗುತ್ತಾ ಬಂದಂತೆ ಗುಮಕಿಯ, ಅಂದರೆ ಎಡಬದಿಯ ತಗ್ಗು ನಾದದ, ಗಾತ್ರವೂ ಕುಗ್ಗುತ್ತದೆ. ಹೀಗಾಗಿ ಪ್ರತಿ ಟೇಕಿನ ಮೊದಲು ಕಲ್ಲು ಹಿಡಿದು ಅಂಚಿನ ಹೆಣಿಗೆಗೆ ತಟ್ಟುವ ಕಾರ್ಯಕ್ರಮ. ಸ್ಟುಡಿಯೋದವರು ಗಡಿಯಾರ ನೋಡುತ್ತಾರೆ, ವಿದ್ವಾಂಸರು ಸಾವಕಾಶವಾಗಿ ತಟ್ಟುತ್ತಾರೆ. ಒಮ್ಮೆಯೂ ಅವರಿಗೆ ಬೇಗ ಮುಗಿಸಿ ಎಂದು ಹೇಳಿದವನಲ್ಲ ನಾನು. ಖರ್ಚಿನ ಅಂದಾಜು ಬರೆಯುವಾಗಲೇ ತಟ್ಟುವ ಹೊತ್ತಿಗೂ ದುಡ್ಡು ಸೇರಿಸಿರುತ್ತೇನೆ. "ಇತರೆ" ಎಂಬ ಸಾಲಿನಲ್ಲಿ.

ನಾನು ಗಾಜಿನಾಚೆ ಕೂರುವುದೂ ಇಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಯಲ್ಲಿ ಮುಂದಿನ ಸಾಲಿನವರು ತಲೆ ಆಡಿಸುವುದನ್ನು ನೋಡುತ್ತಾ ಬೆಳೆದ ಕಲಾವಿದರಿಗೆ, ಖಾಲಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಂಪು ದೀಪ ನೋಡಿ ಆಲಾಪನೆ ಶುರು ಮಾಡಿ ಎಂದರೆ ಹೇಗಾಗಬೇಡ? ಆದ್ದರಿಂದ ನಾನೂ ಒಳಗೆ ಚಾಪೆಯ ಮೇಲೆ ಕೂರುತ್ತೇನೆ, ತೊಡೆಯ ಮೇಲೆ ಟವೆಲ್ ಮಡಿಸಿಟ್ಟುಕೊಂಡು. ತಾಳ ಹಾಕಿದರೆ ಸದ್ದು ಬರಬಾರದಲ್ಲ. "ಭೇಷ್" ಎನ್ನುವಂತಿಲ್ಲ, ತಲೆ ಆಡಿಸಬಹುದು. ಸಿನಿಮಾ ಹಾಡಿಗೆ ಮಾಡುವಂತೆ ಒಬ್ಬೊಬ್ಬರನ್ನು ಒಂದೊಂದು ಗಾಜಿನ ಗೂಡಿನಲ್ಲಿ ಕೂರಿಸಿದರೆ ಎಂಜಿನಿಯರಿಗೆ ಸುಖ, ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಹೋಗುವುದಿಲ್ಲ. ಆದರೆ ಮೃದಂಗದವರಿಗೆ ವೀಣೆಯವರ ಹುಬ್ಬು ಕಾಣಬೇಕು. ಹುಬ್ಬು ಕಾಣದೆ ನುಡಿಸಿದ ಮುಕ್ತಾಯಗಳು ಲೆಕ್ಕಕ್ಕೆ ಸರಿಯಾಗಿರುತ್ತವೆ, ಅಷ್ಟೇ.

ಆ ರಾತ್ರಿ ನುಡಿಸಿದ್ದು ಜಯಚಾಮರಾಜೇಂದ್ರ ಒಡೆಯರ ಗಂಭೀರನಾಟ ರಾಗದ "ಶ್ರೀ ಜಾಲಂಧರ". ಮೊದಲ ಟೇಕಿನಲ್ಲಿ ಅನುಪಲ್ಲವಿಯ ಒಂದು ಕಡೆ ಮೀಟು ಜಾರಿತು. ಎರಡನೆಯದು ತಪ್ಪಿಲ್ಲದ ಟೇಕ್, ಆದರೆ ಪರೀಕ್ಷೆ ಬರೆದಂತೆ ಇತ್ತು. ಮೊದಲನೆಯದನ್ನು ಇಟ್ಟುಕೊಂಡು ಆ ಜಾಗಕ್ಕೆ ಮಾತ್ರ ಎರಡನೆಯದರಿಂದ ತೇಪೆ ಹಾಕೋಣ ಎಂದೆ. ಹಾಗೆ ಮಾಡಬೇಕಾದರೆ ಎರಡರ ಕಾಲಪ್ರಮಾಣವೂ ಒಂದೇ ಇರಬೇಕು; ಸ್ಟಾಪ್‌ವಾಚಿನಲ್ಲಿ ಆವರ್ತನ ಆವರ್ತನ ಅಳೆದು ನೋಡಿದರೆ ಕೂದಲೆಳೆಯಷ್ಟೇ ಅಂತರ. ವೀಣೆಯಲ್ಲಿ ಒಂದು ಅನುಕೂಲವಿದೆ. ಮೂರು ತಾಳದ ತಂತಿಗಳನ್ನು ಮೀಟಿದ ಕ್ಷಣದ ಸಣ್ಣ ಪೆಟ್ಟು ಎಂಥ ಜೋಡಣೆಯನ್ನೂ ಮರೆಮಾಡುತ್ತದೆ. ಆ ಪೆಟ್ಟಿನ ತುಸು ಮುಂಚೆ ಕತ್ತರಿಸಬೇಕು, ನಂತರವಲ್ಲ. ನಂತರವಾದರೆ ತಾಳದ ತಂತಿಯ ಝೇಂಕಾರ ಅರ್ಧಕ್ಕೇ ತುಂಡಾಗಿ ಮಕ್ಕಳಿಗೂ ಗೊತ್ತಾಗುತ್ತದೆ. ನಾನು ಕಲಿತಾಗ ಈ ಕೆಲಸ ಕಾಲಂಗುಲದ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುವುದಾಗಿತ್ತು. ಒಮ್ಮೆ ಕೊಯ್ದರೆ ಕೊಯ್ದಂತೆ. ಈಗ ಪರದೆಯ ಮೇಲೆ ಎಷ್ಟು ಸಲ ಬೇಕಾದರೂ ಕೊಯ್ಯಬಹುದು. ಆದ್ದರಿಂದಲೇ ಬೇಡದ ಕಡೆಯೆಲ್ಲ ಕೊಯ್ಯುತ್ತಾರೆ.

ವಾರದ ಮೇಲೆ ಕೇಳಿಸಿದಾಗ ಆಕೆ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಎಲ್ಲಿ ಹೊಲಿದಿರಿ?" ಎಂದರು. ನೀವೇ ಹೇಳಿ ಎಂದೆ. ಕೃತಿಯಲ್ಲಿ ಮೊದಲೇ ಕಟ್ಟಿಟ್ಟ ಸ್ವರಗಳ ಭಾಗವಾದ ಚಿಟ್ಟೆಸ್ವರದ ಒಂದು ಜಾಗ ತೋರಿಸಿ, "ಇಲ್ಲೇ, ನನಗೆ ಗೊತ್ತಾಗುವುದಿಲ್ಲವೇ" ಎಂದರು. ಅದು ಯಾರೂ ಮುಟ್ಟದ ಜಾಗ. ನಾನು ಹೂಂ ಎಂದು ಸುಮ್ಮನಾದೆ.

ಕೃತಿಗೆ ಹೀಗೆ ತೇಪೆ ಹಾಕಬಹುದು; ಸಾಲನ್ನು ಬೆಳೆಸುವ ಸಂಗತಿಗಳಿಗೆ ಕ್ರಮ ಉಂಟು, ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಅಂದರೆ ಎಡುಪು, ಉಂಟು. ಆಲಾಪನೆಗೆ ಆಗದು. ಒಂದೇ ರಾಗವನ್ನು ಎರಡು ಸಲ ಹಾಡಿದರೆ ಅವು ಎರಡು ಬೇರೆ ಆಲಾಪನೆಗಳು, ಒಂದರ ಸಂಚಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಡುಗಾರಿಕೆಯಲ್ಲಿ ಪಿಟೀಲಿನವರೂ ಇರುತ್ತಾರೆ. ಗಾಯಕರ ಒಂದು ಪ್ರಯೋಗ ತೆಗೆದುಹಾಕಿದರೆ, ಅದಕ್ಕೆ ಪಿಟೀಲು ಕೊಟ್ಟ ಉತ್ತರ ಪ್ರಶ್ನೆಯಿಲ್ಲದೆ ಉಳಿಯುತ್ತದೆ. ಅದನ್ನೂ ತೆಗೆಯಿರಿ ಎಂದರೆ ಪಿಟೀಲಿನವರು ಏನು ಪಾಪ ಮಾಡಿದ್ದರು? ಈಚೆಗೆ ಕೆಲವು ಯುವ ಗಾಯಕರು ಶ್ರುತಿ ತಿದ್ದುವ ತಂತ್ರಾಂಶ ಹಾಕಿ ಎನ್ನುತ್ತಾರೆ. ಹನ್ನೆರಡು ಸ್ಥಿರ ಸ್ವರಸ್ಥಾನಗಳನ್ನು ನಂಬಿದ ಯಂತ್ರ ಅದು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ಕಂಪಿಸುವುದೇ ಅದರ ಜೀವ. ಒಬ್ಬರ ಒತ್ತಾಯಕ್ಕೆ ಹಾಕಿ ಕೇಳಿಸಿದೆ. ತೋಡಿ ಹಾರ್ಮೋನಿಯಮ್ಮಿನ ಮೇಲೆ ಕುಳಿತಂತಾಯಿತು. ಆಮೇಲೆ ಅವರು ಆ ಮಾತೆತ್ತಲಿಲ್ಲ.

"ಶ್ರೀ ಜಾಲಂಧರ"ದ ನೆಪದಲ್ಲಿ ಜಯಚಾಮರಾಜೇಂದ್ರ ಒಡೆಯರ ಬಗ್ಗೆ ಹೊದಿಕೆಯ ಟಿಪ್ಪಣಿ ಬರೆಯಲು ಓದತೊಡಗಿದಾಗ ನನ್ನ ಕಸುಬಿನ ಬೇರೊಂದು ಕವಲು ಮೈಸೂರಿನಲ್ಲೇ ಸಿಕ್ಕಿತು. ಪಾಶ್ಚಾತ್ಯ ಶಾಸ್ತ್ರೀಯ ಧ್ವನಿಮುದ್ರಿಕೆಗಳ ಜಗತ್ತಿನಲ್ಲಿ ನಿರ್ಮಾಪಕ ಎಂದರೆ ಮೊದಲು ಬರುವ ಹೆಸರು ವಾಲ್ಟರ್ ಲೆಗ್. ಲಂಡನ್ನಿನ ಇ.ಎಂ.ಐ. ಕಂಪನಿಯಲ್ಲಿದ್ದವನು, 1945ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದವನು. ವಾದ್ಯಗಾರರಿಗೆ ತಾಲೀಮಿನ ಮೇಲೆ ತಾಲೀಮು ಕೊಡಿಸಿ, ತನ್ನ ಕಿವಿಗೆ ಒಪ್ಪುವವರೆಗೂ ಬಿಡದ ಹಟಮಾರಿ. ಅಂಥ ಹಟಕ್ಕೆ ದುಡ್ಡು ಬೇಕು. ಆ ವಾದ್ಯವೃಂದದ ಬೆನ್ನಿಗೆ ನಿಂತವರಲ್ಲಿ ನಮ್ಮ ಮಹಾರಾಜರೂ ಒಬ್ಬರು. ಲೆಗ್ ಮೈಸೂರಿಗೂ ಬಂದುಹೋಗಿದ್ದ. ಲಂಡನ್ನಿನಲ್ಲಿ ನೆಲೆಸಿ, ಮುಪ್ಪು ಮತ್ತು ಕಾಯಿಲೆಗಳ ನಡುವೆ ಬಹುಮಟ್ಟಿಗೆ ಮರೆಯಾಗಿದ್ದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವಂತಾದದ್ದು ಮೈಸೂರಿನ ಹಣದಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಪ್ರಯೋಗವಾದಾಗ, ಅದಕ್ಕೆ 4,800 ಡಾಲರಿನ ಖಾತರಿ ಕೊಟ್ಟವರೂ ಇವರೇ. ಅದರ ಧ್ವನಿಮುದ್ರಣ ತಮ್ಮ ಸಂಗ್ರಹಕ್ಕೆ ಬರಲಿ ಎಂಬ ಆಸೆಯಿಂದ.

ಅರಮನೆಯಲ್ಲಿ ಕುಳಿತು ಸ್ಟ್ರಾಸ್ ಕೇಳುತ್ತಾ, ಇನ್ನೊಂದು ಕಡೆ ಸಂಸ್ಕೃತದಲ್ಲಿ ಕೃತಿ ರಚಿಸುತ್ತಿದ್ದ ಮನುಷ್ಯ! ಅವರ ಕೃತಿಯನ್ನು ಧ್ವನಿಮುದ್ರಿಸುವಾಗ ನಮ್ಮ ಬಜೆಟ್ಟಿನಲ್ಲಿ ಎರಡನೆಯ ರಾತ್ರಿಯ ಊಟಕ್ಕೆ ಉಪ್ಪಿಟ್ಟು ಮಾತ್ರ ಸಾಧ್ಯವಾಯಿತು ಎಂಬುದನ್ನೂ ದಾಖಲಿಸಿಡುತ್ತೇನೆ.

ಹಕ್ಕುಗಳ ವಿಷಯ ಬೇಸರದ್ದು, ಬೇಗ ಮುಗಿಸುತ್ತೇನೆ. ಪುರಂದರದಾಸರು, ತ್ಯಾಗರಾಜರು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಆದರೆ ನಮ್ಮ ಕಾನೂನಿನಲ್ಲಿ ರಚನಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಎಲ್ಲರ ಬಾಯಲ್ಲಿರುವ ಅವರ ಖಮಾಚ್ ರಾಗದ "ಬ್ರೋಚೇವಾರೆವರುರಾ" ಕೂಡ 2021ರ ಕೊನೆಯವರೆಗೆ ಹಕ್ಕಿನ ಕೃತಿಯೇ ಆಗಿತ್ತು. ಒಡೆಯರು ತೀರಿಕೊಂಡದ್ದು 1974ರಲ್ಲಿ, ಅವರದಕ್ಕೆ ಇನ್ನೂ ಕಾಲವಿದೆ. ಇದು ಕೃತಿಯ ಹಕ್ಕು. ಧ್ವನಿಮುದ್ರಣದ ಹಕ್ಕು ಬೇರೆ, ಪ್ರಕಟವಾದಂದಿನಿಂದ 60 ವರ್ಷ. ನುಡಿಸಿದವರ ಹಕ್ಕು ಇನ್ನೂ ಬೇರೆ, 50 ವರ್ಷ. ಸಭೆಗಳಲ್ಲಿ ಕಾರ್ಯದರ್ಶಿಗಳು "ದೇವರ ನಾಮಕ್ಕೆ ಎಂಥ ಹಕ್ಕು ಸ್ವಾಮಿ" ಎಂದು ನಗುತ್ತಾರೆ. ನಗಲಿ, ಪತ್ರ ಬರೆದು ಸಹಿ ತರುವವನು ನಾನು.

ಈ ಹಕ್ಕಿನ ಕಾಗದಗಳ ಬಗ್ಗೆ ನಾನು ಖಾರವಾದದ್ದಕ್ಕೆ ಕಾರಣವಿದೆ. ನಾನು ಮೊದಲು ದುಡಿದ ಕಂಪನಿಗಳಲ್ಲಿ ಒಂದು, ಹೆಸರು ಬೇಡ, ಕಲಾವಿದರಿಗೆ ಒಂದೇ ಗಂಟು ಹಣ ಕೊಟ್ಟು ಎಲ್ಲವನ್ನೂ ಬರೆಸಿಕೊಳ್ಳುತ್ತಿತ್ತು. ವರ್ಷಗಳ ಮೇಲೆ ಒಂದು ಅಂಗಡಿಯಲ್ಲಿ "ಒತ್ತಡ ನಿವಾರಣೆಗೆ ವೀಣೆ" ಎಂಬ ಸಿ.ಡಿ. ಕಂಡೆ. ಹೊದಿಕೆಯ ಮೇಲೆ ಜಲಪಾತ. ಮನೆಗೆ ತಂದು ಹಾಕಿದರೆ, ನಾನೇ ಧ್ವನಿಮುದ್ರಿಸಿದ ಕಲ್ಯಾಣಿ! ಪಲ್ಲವಿ ಮಾಯ, ತಾಳವಾದ್ಯದವರು ತಾವಷ್ಟೇ ನುಡಿಸುವ ತನಿ ಆವರ್ತನ ಮಾಯ, ಆಲಾಪನೆಯ ಒಂದು ತುಣುಕನ್ನು ಮತ್ತೆ ಮತ್ತೆ ಸುತ್ತಿಸಿ ಕೆಳಗೆ ಮಳೆಯ ಸದ್ದು. ನುಡಿಸಿದವರ ಹೆಸರಿಲ್ಲ. ನನ್ನ ಹೆಸರು ಇರಲಿಲ್ಲವಲ್ಲ ಎಂದು ಜೀವನದಲ್ಲಿ ಅದೊಂದೇ ಸಲ ಸಮಾಧಾನಪಟ್ಟದ್ದು. ಆ ವೈಣಿಕರು ಆಗ ಇರಲಿಲ್ಲ. ಅವರ ಮಗನಿಗೆ ತಿಳಿಸಿದೆ. ಸಹಿ ಹಾಕಿಕೊಟ್ಟ ಕಾಗದದ ಮುಂದೆ ವಕೀಲರು ಕೈಚೆಲ್ಲಿದರು. ಅಂದಿನಿಂದ ನಾನು ಮಾಡಿಸುವ ಯಾವ ಒಪ್ಪಂದದಲ್ಲೂ ಒಂದು ಸಾಲು ಖಾಯಂ: ಕಲಾವಿದರ ಲಿಖಿತ ಒಪ್ಪಿಗೆಯಿಲ್ಲದೆ ಕತ್ತರಿಸುವಂತಿಲ್ಲ, ಬೇರೆ ಸದ್ದು ಬೆರೆಸುವಂತಿಲ್ಲ. ಈ ಸಾಲು ನೋಡಿ ಎದ್ದುಹೋದ ಕಂಪನಿಗಳೂ ಉಂಟು. ಹೋಗಲಿ.

ಸಿ.ಡಿ. ಅಂಗಡಿಗಳು ಮುಚ್ಚಿದ ಮೇಲೆ ಅಳತೆಪಟ್ಟಿ ಕೊನೆಗೂ ಕೈಬಿಟ್ಟಿತು ಎಂದುಕೊಂಡಿದ್ದೆ. ಅಂತರ್ಜಾಲದಲ್ಲಿ ರಾಗಕ್ಕೆ ಬದಿಯಿಲ್ಲ, ಕೊನೆಯಿಲ್ಲ. ಆದರೆ ಇಲ್ಲಿ ಲೆಕ್ಕ ಬೇರೆ ರೀತಿ. ಸ್ಪಾಟಿಫೈಯಂಥ ಕಡೆ ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳಿಕೆ ಎಂದು ದಾಖಲಾಗುತ್ತದೆ. ನಲವತ್ತು ನಿಮಿಷದ ರಾಗ ತಾನ ಪಲ್ಲವಿಯನ್ನು ಪೂರ್ತಿ ಕೇಳಿದರೂ ಒಂದೇ ಕೇಳಿಕೆ. ಅಷ್ಟೇ ಹೊತ್ತಿನಲ್ಲಿ ಪುಟ್ಟ ಹಾಡುಗಳು ಹತ್ತಾರು ಕೇಳಿಕೆ ಗಳಿಸುತ್ತವೆ. ಆದ್ದರಿಂದ ರಾಗವನ್ನು ಒಂದು, ತಾನವನ್ನು ಒಂದು, ಪಲ್ಲವಿಯನ್ನು ಒಂದು, ತನಿಯನ್ನು ಇನ್ನೊಂದು ತುಂಡಾಗಿ ಏರಿಸುವ ಪದ್ಧತಿ ಬಂದಿದೆ. ಯಾದೃಚ್ಛಿಕವಾಗಿ ನುಡಿಸುವ ಗುಂಡಿ ಒತ್ತಿದವರಿಗೆ ಮೊದಲು ತನಿ, ಆಮೇಲೆ ಆಲಾಪನೆ.

ಏರಿಸುವಾಗ ತುಂಬಬೇಕಾದ ನಮೂನೆಯೂ ಸಿನಿಮಾ ಹಾಡಿಗೆಂದು ಮಾಡಿದ್ದು. ನಾನು ಬಳಸುವ ನಮೂನೆಯಲ್ಲಿ ಕಲಾವಿದ, ರಚನಕಾರ, ಪ್ರಕಾರ ಎಂಬ ಖಾನೆಗಳಿವೆ. ರಾಗಕ್ಕೆ ಖಾನೆಯಿಲ್ಲ, ತಾಳಕ್ಕಿಲ್ಲ. ಹಾಗಾಗಿ ಎಲ್ಲವನ್ನೂ ಶೀರ್ಷಿಕೆಯಲ್ಲೇ ತುರುಕುತ್ತೇವೆ. ಮೃದಂಗದವರ ಹೆಸರನ್ನು ಎಲ್ಲಿ ಹಾಕಬೇಕೆಂಬ ಚರ್ಚೆ ಪ್ರತಿ ಸಲವೂ. ಯಾರೋ ತ್ಯಾಗರಾಜರನ್ನು ಕಲಾವಿದರ ಖಾನೆಯಲ್ಲಿ ಹಾಕಿದ್ದರಿಂದ, ಅವರ ಹೆಸರಿನ ಪುಟವೊಂದು ಭಾವಚಿತ್ರಕ್ಕಾಗಿ ಕಾದು ನಿಂತಿದ್ದನ್ನೂ ನೋಡಿದ್ದೇನೆ. ಧ್ವನಿಯ ಮಟ್ಟದ ಗೋಳು ಬೇರೆ. ಎಲ್ಲ ಹಾಡುಗಳೂ ಒಂದೇ ಗಟ್ಟಿಯಲ್ಲಿ ಕೇಳಲಿ ಎಂದು ಈ ತಾಣಗಳು ಏರಿಳಿತ ಸರಿದೂಗಿಸುತ್ತವೆ. ಆಲಾಪನೆಯ ಮೆಲುದನಿಯಿಂದ ತನಿಯ ಅಬ್ಬರದವರೆಗಿನ ದೂರವನ್ನು ಉಳಿಸಿಕೊಳ್ಳಲು, ಮಾಸ್ಟರಿಂಗ್ ಮಾಡುವವರ ಪಕ್ಕದಲ್ಲಿ ಕುಳಿತು ಈಗಲೂ ಜಗಳವಾಡುತ್ತೇನೆ.

ಹೋದ ವರ್ಷ ಒಬ್ಬ ಯುವ ಗಾಯಕಿಯ ಕಾಂಬೋಧಿಯನ್ನು ಧ್ವನಿಮುದ್ರಿಸಿದೆವು, ರಾಗ ತಾನ ಪಲ್ಲವಿ, ಒಂದೇ ಓಟದಲ್ಲಿ ನಲವತ್ತು ನಿಮಿಷದ ಮೇಲೆ. ಏರಿಸುವ ಸಂಸ್ಥೆಯವರು ನಾಲ್ಕು ತುಂಡು ಮಾಡಿಕೊಡಿ ಎಂದು ಪತ್ರ ಬರೆದರು. ಗಾಯಕಿ ನನ್ನನ್ನು, "ಸರ್, ಹಾಗೆ ಮಾಡಿದರೆ ನಾಲ್ಕು ಪಟ್ಟು ದುಡ್ಡು ಬರುತ್ತದೆಯೇ?" ಎಂದು ಕೇಳಿದಳು. ಬರಬಹುದು ಎಂದೆ. ಅವಳು ಅಮ್ಮನೊಡನೆ ಮಾತನಾಡಿ ಸಂಜೆ ಫೋನ್ ಮಾಡಿ, "ಬೇಡ, ಹಾಗೆಯೇ ಇರಲಿ" ಎಂದಳು. ಹಾಗೆಯೇ ಇದೆ. ಜೊತೆಗೆ ಎರಡೂವರೆ ನಿಮಿಷದ ಒಂದು ಬೇಹಾಗ್ ತಿಲ್ಲಾನವನ್ನೂ ಹಾಕಿದ್ದೇವೆ; ಸ್ಟುಡಿಯೋದ ಬಾಕಿ ತೀರಿದರೆ ಅದರಿಂದಲೇ ತೀರಬೇಕು.